ಬೆಲೆಚೀಟಿ ಅಂಟಿಸದ ಬೋಗುಣಿ

ಲೌತ್, ಲಿಂಕನ್‌ಶೈರ್
ಸೋಮವಾರ, ೧೪ ಅಕ್ಟೋಬರ್ ೨೦೧೯

ಪ್ರೀತಿಯ ಅವ್ರಿಲ್ ಅಕ್ಕನಿಗೆ,

ಲಕೋಟೆಯ ಮೇಲಿನ ಅಕ್ಷರ ನನ್ನದೆಂದು ಗೊತ್ತಾದ ಕೂಡಲೇ ಹರಿದು ಹಾಕೋಣ ಅನ್ನಿಸಿರುತ್ತದೆ ನಿನಗೆ. ಹರಿ, ಬೇಡ ಅನ್ನುವುದಿಲ್ಲ. ಆದರೆ ಓದಿ ಹರಿ. ನಾವು ಮಾತು ಬಿಟ್ಟು ಐದು ವರ್ಷ ಒಂಬತ್ತು ತಿಂಗಳಾಯಿತು. ಅಮ್ಮನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಚರ್ಚಿನ ಪಕ್ಕದ ಸಭಾಂಗಣದಲ್ಲಿ ಎಲ್ಲರೂ ಚಹಾ ಕುಡಿಯುತ್ತಿರುವಾಗ ನಾನು ನಿನ್ನನ್ನು ಕಳ್ಳಿ ಅಂದೆ. ಈ ಕಾಗದ ಅದರ ಬಗ್ಗೆಯೇ. ಆದರೆ ನಾನು ಸುತ್ತಿ ಬಳಸಿ ಬರುವವಳು, ನಿನಗೆ ಗೊತ್ತಲ್ಲ. ಮೊದಲು ಡಿಕ್ಕಿ ಸಂತೆಯ ವಿಷಯ ಹೇಳಿಬಿಡುತ್ತೇನೆ.

ಹೌದು, ನಾನೇ ಹೋಗುತ್ತಿದ್ದೇನೆ, ಮಾರುವುದಕ್ಕೆ. ಜನ ಮನೆಯ ಹಳೇ ಸಾಮಾನನ್ನು ಕಾರಿಗೆ ತುಂಬಿ ತಂದು, ಬಯಲಿನಲ್ಲಿ ಸಾಲಾಗಿ ನಿಂತು, ಡಿಕ್ಕಿ ತೆರೆದು ಮಾರುವುದನ್ನು ಕಂಡಾಗಲೆಲ್ಲ ಮನೆ ಮಾನ ಬೀದಿಗೆ ಹಾಕುತ್ತಾರೆ ಎಂದು ಮೂಗು ಮುರಿಯುತ್ತಿದ್ದವಳು ನಾನು. ಈಗ ನೋಡು. ನನ್ನ ಮಂಡಿಗಳು ಮೆಟ್ಟಿಲು ಹತ್ತುವುದಿಲ್ಲ ಎಂದು ಹಟ ಹಿಡಿದಿವೆ. ಕೌನ್ಸಿಲ್‌ನವರು ನೆಲಮಹಡಿಯಲ್ಲಿ ಒಂದು ಕೋಣೆಯ ಫ್ಲಾಟ್ ಕೊಟ್ಟಿದ್ದಾರೆ, ನವೆಂಬರ್ ಒಂದಕ್ಕೆ ಬೀಗದ ಕೈ. ಅಮ್ಮನ ಕಾಲದಿಂದ ಈ ಮನೆಯಲ್ಲಿ ಸೇರಿಕೊಂಡ ಸಾಮಾನಿನಲ್ಲಿ ಕಾಲು ಭಾಗವೂ ಅಲ್ಲಿ ಹಿಡಿಸುವುದಿಲ್ಲ. ಬರುವ ಭಾನುವಾರ, ಇಪ್ಪತ್ತನೇ ತಾರೀಖು, ಊರಾಚೆಯ ಹುಲ್ಲುಗಾವಲಿನಲ್ಲಿ ಈ ವರ್ಷದ ಕೊನೆಯ ಡಿಕ್ಕಿ ಸಂತೆ. ನನಗೆ ಮೊದಲನೆಯದು.

ಗುರು ಯಾರೆಂದರೆ ಪಕ್ಕದ ಮನೆಯ ಪಾಲೀನ್. ಹದಿನಾಲ್ಕು ವರ್ಷದಿಂದ ಆ ಬಯಲಿನಲ್ಲಿ ಮಾರಿದವಳು, ಬಾಯಿಗೆ ಬಾಗಿಲೇ ಇಲ್ಲ. ಹೋದ ವಾರ ಬಂದು ನನ್ನ ಊಟದ ಮೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆರು ಗಂಟೆಗೆ ಗೇಟು ತೆಗೀತಾರೆ, ನೀನು ಡಿಕ್ಕಿ ಎತ್ತೋದೇ ತಡ, ಹಳೇ ಸಾಮಾನಿನ ವ್ಯಾಪಾರಿಗಳು ಟಾರ್ಚು ಹಿಡ್ಕೊಂಡು ಮುತ್ಕೋತಾರೆ, ಮೇಜು ಹಾಕೋ ತನಕ ಬೀಗ ತೆಗೀಬೇಡ, ಯಾರಾದ್ರೂ ಕೈ ಹಾಕಿದ್ರೆ ಆ ಕೈ ಮೇಲೊಂದು ಕೊಡು ಅಂದಳು. ಕೊಡಬಹುದಾ ಅಂತ ಕೇಳಿದೆ. ನಾನು ಕೊಟ್ಟಿದೀನಿ ಅಂದಳು.

ಬೆಲೆ ಹಾಕುವ ಪಾಠ ಬೇರೆಯೇ. ಮನಸ್ಸಲ್ಲಿ ಒಂದು ಪೌಂಡ್ ಅಂದ್ಕೊಂಡಿದ್ರೆ ಎರಡು ಅಂತ ಬರಿ, ಅವರು ಐವತ್ತು ಪೆನ್ಸ್ ಅಂತಾರೆ, ನೀನು ಎದೆ ಹಿಡ್ಕೊಂಡು ಅಯ್ಯೋ ಅನ್ನು, ಒಂದಕ್ಕೆ ಮುಗಿಯತ್ತೆ. ನಾನು ಅಷ್ಟರಲ್ಲಾಗಲೇ ಎರಡು ದಿನ ಕೂತು ಹಳದಿ ಚೀಟಿಗಳನ್ನು ಅಂಟಿಸಿದ್ದೆ. ಅಮ್ಮನ ಕಂದು ಟೀಪಾಟಿಗೆ ಹದಿನೈದು ಪೌಂಡ್. ಟೋಸ್ಟರು ಹೆಚ್ಚುಕಡಿಮೆ ಹೊಸದು, ಆದರೆ ಅದರ ಮುಖ ನನಗೆ ಯಾವತ್ತೂ ಸೇರಿಲ್ಲ, ಅದಕ್ಕೆ ಐವತ್ತು ಪೆನ್ಸ್. ಪಾಲೀನ್ ಟೀಪಾಟನ್ನು ಎತ್ತಿ ತಲೆಕೆಳಗೆ ಮಾಡಿ ನೋಡಿದಳು. ಏನೇ, ಇದರಲ್ಲಿ ಚಹಾ ತಾನಾಗೇ ಆಗತ್ತಾ ಅಂದಳು. ಅಮ್ಮ ನಲವತ್ತು ವರ್ಷ ಇದರಲ್ಲೇ ಬಗ್ಗಿಸಿದ್ದು ಅಂದೆ. ಅದು ನಿನ್ನ ನಲವತ್ತು ವರ್ಷ ಕಣೇ, ಕೊಳ್ಳೋರಿಗೆ ಬರೀ ಟೀಪಾಟು, ಎರಡು ಪೌಂಡ್ ಅಂತ ನನ್ನ ಕೈಯಿಂದ ಪೆನ್ನು ಕಿತ್ತು ತಾನೇ ಬರೆದಳು. ನನಗೆ ಅಳು ಬಂತು, ಅವಳ ಮುಂದೆ ಅಳಬಾರದೆಂದು ಟೋಸ್ಟರನ್ನು ಒರೆಸುತ್ತ ನಿಂತೆ.

ಇನ್ನೊಂದಕ್ಕೂ ಬೈಸಿಕೊಂಡೆ. ನಾನು ಬೆಲೆಯ ಕೆಳಗೆ ಪ್ರತಿಯೊಂದರ ಕೊರತೆಯನ್ನೂ ಬರೆದಿದ್ದೆ. ‘ಹಿಡಿ ಅಪ್ಪ ಅಂಟಿಸಿದ್ದು, ಬಿಸಿ ತಾಗಿದರೆ ಬಿಡುತ್ತದೆ.’ ‘ಮುಚ್ಚಳ ಬೇರೆ ಪಾತ್ರೆಯದು.’ ‘ಗಡಿಯಾರ ದಿನಕ್ಕೆ ಹತ್ತು ನಿಮಿಷ ಹಿಂದೆ.’ ನಲವತ್ತೊಂದು ಚೀಟಿ. ಪಾಲೀನ್ ಓದುತ್ತ ಓದುತ್ತ ಕುರ್ಚಿಯಲ್ಲಿ ಕುಸಿದು ನಕ್ಕಳು. ತಪ್ಪೊಪ್ಪಿಗೆ ಮಾಡೋಕೆ ಚರ್ಚಿದೆ ತಾಯಿ, ಇಲ್ಲಿ ಬೆಲೆ ಬರಿ ಸಾಕು ಅಂದಳು. ನಾನು ಮಾತ್ರ ಒಂದನ್ನೂ ಕೀಳಲಿಲ್ಲ. ಕೊಂಡವರು ಮನೆಗೆ ಹೋಗಿ ಹಿಡಿ ಕೈಗೆ ಬಂದಾಗ ನನ್ನನ್ನು ಬೈಯಬಾರದು ನೋಡು.

ಮೇಬಲ್‌ಥಾರ್ಪ್ ಕಡಲ ತೀರಕ್ಕೆಂದು ಅಪ್ಪ ಕೊಂಡ ಎರಡು ಮಡಚುವ ಕುರ್ಚಿಗಳು ನೆನಪಿದೆಯೇ, ಪಟ್ಟೆ ಬಟ್ಟೆಯವು? ಒಂದರಲ್ಲಿ ನಾನು ಕೂತು ಮಾರುತ್ತೇನೆ. ಇನ್ನೊಂದಕ್ಕೆ ಎರಡು ಪೌಂಡ್ ಚೀಟಿ ಅಂಟಿಸಿದೆ.

ಈಗ ಬಂದೆ ಬೋಗುಣಿಯ ಹತ್ತಿರ.

ಗುರುವಾರ ಅಡುಗೆಮನೆಯ ಕಪಾಟು ಖಾಲಿ ಮಾಡಿದೆ. ಮೇಲಿನ ಹಲಗೆಯಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ, ಅಮ್ಮನ ಚಿಕ್ಕ ಪುಡಿಂಗ್ ಬೋಗುಣಿ ಇತ್ತು, ಅಲ್ಯೂಮಿನಿಯಂ ಹಾಳೆ ಮುಚ್ಚಿ ದಾರ ಕಟ್ಟಿದ್ದು. ಒಳಗೆ ಪುಡಿಂಗು ಅರ್ಧದಷ್ಟು, ಕಪ್ಪಗೆ, ಕಲ್ಲಿನಂತೆ. ಬೋಗುಣಿ ಮಾತ್ರ ಒಂದು ಬಿರುಕಿಲ್ಲದೆ ಚೆನ್ನಾಗಿತ್ತು. ಕೆರೆದು ತೊಳೆದರೆ ಒಂದು ಪೌಂಡಿಗೆ ಹೋಗುತ್ತದೆ ಅಂದುಕೊಂಡು ಚಮಚ ಹಾಕಿ ಕೆರೆದೆ. ಟಣ್ ಅಂತು. ಅಕ್ಕಾ, ನಮ್ಮ ಆರು ಪೆನ್ಸು. ಅಜ್ಜಿಯ ಕಾಲದ ಆ ಬೆಳ್ಳಿ ಕಾಸು, ಅಂಚಿನಲ್ಲಿ ಅಪ್ಪನ ಹಲ್ಲಿನ ಗುರುತಿರುವುದು.

ಪಾಲೀನ್ ಅಲ್ಲೇ ಇದ್ದಳು. ಆರು ವರ್ಷದ್ದಾ ಇದು, ಹಾಳೆ ಪಳಪಳ ಅಂತಿದೆಯಲ್ಲೇ ಅಂದಳು. ಅವಳಿಗೆ ಎಲ್ಲದರಲ್ಲೂ ಏನಾದರೊಂದು ಕಾಣಬೇಕು. ಬಿಡು.

ನಿನಗೆ ನೆನಪಿಸಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಬರೆದರೆ ನನಗೇ ನೆಟ್ಟಗೆ ಕಾಣುತ್ತದೆ. ಅಮ್ಮನ ಕೊನೆಯ ನವೆಂಬರ್. ಕ್ರಿಸ್‌ಮಸ್ ಪುಡಿಂಗ್ ಕಲಸುವ ಭಾನುವಾರ. ಅಮ್ಮ ಕಂಬಳಿ ಹೊದ್ದು ಒಲೆಯ ಪಕ್ಕ ಕೂತಿದ್ದಳು, ಕೈಯಲ್ಲಿ ಶಕ್ತಿ ಇರಲಿಲ್ಲ, ಕಲಸುವುದು ನನ್ನ ಪಾಲಿಗೆ ಬಂತು. ದೊಡ್ಡ ಬೋಗುಣಿ ಕ್ರಿಸ್‌ಮಸ್‌ಗೆ, ಚಿಕ್ಕದು ಈಸ್ಟರ್‌ಗೆ; ಒಣಹಣ್ಣು, ಬ್ರಾಂಡಿ ಹಾಕಿ ಬೇಯಿಸಿದ್ದು ವರ್ಷಗಟ್ಟಲೆ ಕೆಡುವುದಿಲ್ಲವಲ್ಲ. ಕಾಸು ಯಾವಾಗಲೂ ದೊಡ್ಡದರಲ್ಲಿ. ಸಿಕ್ಕವರಿಗೆ ವರ್ಷವೆಲ್ಲ ಒಳ್ಳೆಯದು, ಊಟವಾದ ಮೇಲೆ ಕಾಸು ಮರಳಿ ಅಮ್ಮನ ಕೈಗೆ. ನೀನು ಗ್ರಿಮ್ಸ್‌ಬಿಯಿಂದ ಬಂದೆ, ಒಳ್ಳೆ ಕೋಟು ಹಾಕಿಕೊಂಡು. ಪದ್ಧತಿಯಂತೆ ಕಣ್ಣು ಮುಚ್ಚಿ ಏನೋ ಬೇಡಿಕೊಂಡು ಹಿಟ್ಟನ್ನು ಮೂರು ಸುತ್ತು ತಿರುವಿದೆ. ಅಮ್ಮ ನಿನ್ನನ್ನೇ ನೋಡುತ್ತಿದ್ದಳು. ವಾರವೆಲ್ಲ ಅವಳನ್ನು ಎತ್ತಿ, ತೊಳೆಸಿ, ಉಣ್ಣಿಸಿದವಳು ನಾನು, ಅವಳ ಮುಖ ಬೆಳಗಿದ್ದು ಮಾತ್ರ ನಿನ್ನನ್ನು ಕಂಡಾಗ. ನನ್ನ ಹೊಟ್ಟೆ ಉರಿದುಹೋಯಿತು ಅಕ್ಕಾ. ಇದನ್ನು ಯಾರಿಗೂ ಹೇಳಿಲ್ಲ. ಅಮ್ಮ ಕಾಸಿಗೊಂದು ಮುತ್ತಿಟ್ಟು ನನ್ನ ಕೈಗೆ ಕೊಟ್ಟು, ದೊಡ್ಡದಕ್ಕೆ ಹಾಕೇ ಅಂದಳು. ಹಾಕಿದೆ ಅಂದೆ. ನಾನು ನಿನ್ನ ಕೋಟನ್ನು ನೋಡುತ್ತಿದ್ದೆ, ಕೈಗೆ ಹತ್ತಿರವಿದ್ದ ಬೋಗುಣಿಗೆ ಒತ್ತಿಬಿಟ್ಟೆ.

ಕ್ರಿಸ್‌ಮಸ್ ದಿನ ಯಾರ ತಟ್ಟೆಯಲ್ಲೂ ಕಾಸು ಬರಲಿಲ್ಲ. ಅಮ್ಮ ಎಲ್ಲರ ತಟ್ಟೆಗೂ ಇಣುಕಿದಳು, ಯಾರಿಗೆ ಸಿಕ್ತು, ಯಾರಿಗೆ ಸಿಕ್ತು ಎಂದು. ನೀನು ಬಾಯಿ ಒರೆಸಿಕೊಂಡು, ನಾನೇ ನುಂಗಿಬಿಟ್ಟೆ ಕಣಮ್ಮ, ನಾಳೆ ನೋಡಿ ಹೇಳ್ತೀನಿ ಅಂದೆ. ಅಮ್ಮ ಕೆಮ್ಮು ಬರುವ ತನಕ ನಕ್ಕಳು. ನಾನೊಬ್ಬಳು ನಗಲಿಲ್ಲ. ಮೂರು ವಾರಕ್ಕೆ ಅಮ್ಮ ಹೋದಳು. ಅವತ್ತು ಸಭಾಂಗಣದಲ್ಲಿ ನೀನು ಮನೆಯಿಂದ ನನಗೇನೂ ಬೇಡ ಕಣೇ, ಎಲ್ಲ ನೀನೇ ಇಟ್ಕೋ ಅಂದೆ. ಒಳ್ಳೆ ಮನಸ್ಸಿನಿಂದಲೇ ಅಂದೆ. ನಾನು ಎಲ್ಲರಿಗೂ ಕೇಳುವ ಹಾಗೆ, ಬೇಕಾದದ್ದನ್ನ ಆಗಲೇ ಹೊಡ್ಕೊಂಡು ಹೋಗಿದೀಯಲ್ಲ, ಕಳ್ಳಿ, ಸಾಯೋ ಅಮ್ಮನ ಕಾಸನ್ನ ಬಾಯಲ್ಲಿ ಮುಚ್ಚಿಟ್ಕೊಂಡು ಹೋದೋಳು ಅಂದುಬಿಟ್ಟೆ. ನೀನು ಬಟ್ಟಲನ್ನು ತಟ್ಟೆಯ ಮೇಲೆ ಮೆಲ್ಲಗೆ ಇಟ್ಟೆ. ಕೋಟು ಹಾಕಿಕೊಂಡೆ. ಹೋದೆ. ನಿನ್ನ ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನು ನಾನೇ ಎತ್ತಿ ಕಸಕ್ಕೆ ಹಾಕಿದೆ.

ತಪ್ಪು ನನ್ನದು. ಪೂರ್ತಿ ನನ್ನದು. ನೀನು ಕಳ್ಳಿಯಲ್ಲ, ಯಾವತ್ತೂ ಆಗಿರಲಿಲ್ಲ. ಅವತ್ತು ಅಲ್ಲಿದ್ದವರಲ್ಲಿ ಬದುಕಿರುವವರಿಗೆಲ್ಲ ಒಬ್ಬೊಬ್ಬರಿಗೂ ಇದನ್ನು ಹೇಳುತ್ತೇನೆ. ಪಾಲೀನ್‌ಗೆ ಹೇಳಿದ್ದೂ ಆಯಿತು, ಅಂದರೆ ಅರ್ಧ ಊರಿಗೆ ಹೇಳಿದ ಹಾಗೇ.

ನಾನು ನಿನ್ನಲ್ಲಿ ಕೇಳುವುದು ಇಷ್ಟು. ಭಾನುವಾರ ಬಾ. ಗ್ರಿಮ್ಸ್‌ಬಿಯಿಂದ ನಿನ್ನ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಅಮ್ಮನ ಸಾಮಾನು ಅಪರಿಚಿತರ ಚೀಲ ಸೇರುವ ಮೊದಲು ನೀನೊಂದು ಸಲ ನೋಡು, ಬೇಕಾದದ್ದನ್ನು ತೆಗೆದುಕೊ. ಟೀಪಾಟನ್ನು ಎತ್ತಿಟ್ಟಿದ್ದೇನೆ. ಪುಡಿಂಗ್ ಕಲಸುವ ದೊಡ್ಡ ಪಾತ್ರೆಗೂ ಎರಡು ಬೋಗುಣಿಗಳಿಗೂ ಚೀಟಿ ಅಂಟಿಸಿಲ್ಲ. ಕಾಸನ್ನು ತೊಳೆದು ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದೇನೆ. ಅದನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಬೇಕಾದರೆ ಬಂದು ನನ್ನ ಕೈಯಿಂದಲೇ ತೆಗೆದುಕೊ. ನನಗೆ ಅರವತ್ತಾರು, ನಿನಗೆ ಎಪ್ಪತ್ತು. ಹೀಗೇ ಬಿಟ್ಟರೆ ನಮ್ಮಲ್ಲೊಬ್ಬಳು ಇನ್ನೊಬ್ಬಳ ಮಣ್ಣಿಗೆ ಬಂದು, ಚಹಾ ಕುಡಿಯುತ್ತ ನಿಲ್ಲಬೇಕಾಗುತ್ತದೆ. ನನಗೆ ಅದರ ಭಯ.

ನಿನ್ನ ತಂಗಿ,
ಹಿಲರಿ

ಮರೆತ ಮಾತು: ಮರೆತದ್ದೇನೂ ಅಲ್ಲ. ಲಕೋಟೆ ಅಂಟಿಸಿ ಅಂಚೆ ಡಬ್ಬಿಯ ತನಕ ಹೋಗಿ ಮರಳಿ ಬಂದೆ. ಗುರುವಾರ ಸಿಕ್ಕಿತು ಅಂದದ್ದು ಸುಳ್ಳು. ಕಾಸು ಸಿಕ್ಕಿದ್ದು ಎರಡೂವರೆ ವರ್ಷದ ಹಿಂದೆ, ಈಸ್ಟರ್ ಭಾನುವಾರ. ಒಬ್ಬಳೇ ಇದ್ದೆ, ಅಮ್ಮ ಹೋದ ಮೇಲೆ ಮುಟ್ಟದೇ ಇಟ್ಟಿದ್ದ ಚಿಕ್ಕ ಪುಡಿಂಗನ್ನು ಬಿಸಿ ಮಾಡಿಕೊಂಡು ತಿನ್ನುತ್ತಿದ್ದೆ, ಹಲ್ಲಿಗೆ ತಾಗಿತು. ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತು. ಫೋನು ಎತ್ತಿ ನಿನ್ನ ನಂಬರು ಒತ್ತಿದೆ, ಕೊನೆಯ ಅಂಕೆ ಒತ್ತಲಾಗಲಿಲ್ಲ. ಕಾಸನ್ನು ಉಳಿದ ಅರ್ಧಕ್ಕೇ ಮತ್ತೆ ಒತ್ತಿ, ಹೊಸ ಹಾಳೆ ಮುಚ್ಚಿ, ದಾರ ಕಟ್ಟಿ, ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಇಷ್ಟು ದಿನ ನೀನು ಕಳ್ಳಿಯಲ್ಲವೆಂದು ಗೊತ್ತಿದ್ದೂ ನಿನ್ನನ್ನು ಕಳ್ಳಿಯಾಗಿಯೇ ಇರಗೊಟ್ಟೆ. ಪಾಲೀನ್ ಹಾಳೆ ನೋಡದೇ ಹೋಗಿದ್ದರೆ ಈಗಲೂ ಹೇಳುತ್ತಿರಲಿಲ್ಲವೇನೋ. ಬಿರುಕು ಬಿಟ್ಟ ಜಗ್ಗಿನ ಮೇಲೆ ಬಿರುಕಿದೆ ಎಂದು ಬರೆದಿಟ್ಟ ಕೈಯೇ ಇದು. ಕಾಸನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ, ಅದಕ್ಕಾಗಿ ನೀನು ಬರಬೇಕಿಲ್ಲ. ಎರಡನೇ ಕುರ್ಚಿಯ ಚೀಟಿಯನ್ನು ಈಗಷ್ಟೇ ಕಿತ್ತೆ. ಭಾನುವಾರ ಎರಡನ್ನೂ ಬಿಡಿಸಿ ಹಾಕುತ್ತೇನೆ.