ವೈರ್ ಕೀಳೋಕೂ ಸಂಬಳ

ಅಕ್ಕಾ,
ಕಾರ್ಡು ಚಿಕ್ಕದು, ನನ್ನ ಸುದ್ದಿ ದೊಡ್ಡದು. ಇಲ್ಲಿ ಬೀರುಗಳ ಹಾಗೆ ಕಂಪ್ಯೂಟರ್‌ಗಳನ್ನ ಸಾಲಾಗಿ ನಿಲ್ಲಿಸಿರೋ ಹಾಲ್‌ನಲ್ಲಿ ನಂದು ವೈರ್ ಕೆಲಸ. ಸಮುದ್ರದ ಆಚೆಗೂ ಇಂಥವೇ ಹಾಲ್‌ಗಳಿವೆ. ನಿನ್ನ ಒಲೆ ತುಂಬಿದಾಗ ಪಕ್ಕದ ಮನೆ ಒಲೆ ಮೇಲೆ ಪಾತ್ರೆ ಇಡ್ತೀಯಲ್ಲ, ಹಾಗೇ ವಿಜ್ಞಾನಿಗಳ ಲೆಕ್ಕಾನ ಈ ಹಾಲ್‌ಗಳ ಮಧ್ಯೆ ಕೂತಿರೋ ಒಂದು ಸಾಫ್ಟ್‌ವೇರ್ ಎಲ್ಲಿ ಕಂಪ್ಯೂಟರ್ ಖಾಲಿ ಇದೆಯೋ ಅಲ್ಲಿಗೆ ಕಳಿಸುತ್ತೆ.

ಇವತ್ತು ಅದರ ಪರೀಕ್ಷೆ, ನಡುವೆ ಕಂಪ್ಯೂಟರ್ ನಿಂತುಹೋದ್ರೂ ಲೆಕ್ಕಾನ ಉಳಿಸುತ್ತಾ ಅಂತ. ಒಬ್ಬರು ಮೇಡಂ ಜ್ವರದ ಔಷಧಿಗೆ ಅಂತ ವಾರಗಟ್ಟಲೆ ಓಡಿಸ್ತಿದ್ದ ಲೆಕ್ಕ ನಮ್ಮ ಕಂಪ್ಯೂಟರಲ್ಲಿತ್ತು. ಸೂಪರ್‌ವೈಸರ್ "ಅದರ ವೈರ್ ಕೀಳೋ" ಅಂದ್ರು.
"ಅವರ ಲೆಕ್ಕ ಹೋದ್ರೆ ನನ್ನ ಕೆಲಸಾನೂ ಹೋಗುತ್ತೆ ಸಾರ್!"
ಪಕ್ಕದಲ್ಲೇ ಇದ್ದ ಮೇಡಂ, "ಕೀಳಪ್ಪಾ, ಕರೆಂಟ್ ನಮ್ಮನ್ನ ಕೇಳ್ಕೊಂಡು ಹೋಗುತ್ತಾ?" ಅಂದ್ರು. ಕಣ್ಮುಚ್ಚಿ ಕಿತ್ತೆ. ಗೋಡೆ ಮೇಲಿನ ಪರದೆಯಲ್ಲಿ ಅವರ ಲೆಕ್ಕ ಕೆಂಪಾಯ್ತು. ಆಮೇಲೆ ಸಮುದ್ರದಾಚೆಯ ಹಾಲ್‌ನಲ್ಲಿ ಹಸಿರಾಗಿ, ನಿಂತಲ್ಲಿಂದಲೇ ಮುಂದಕ್ಕೆ ಓಡ್ತು! ಮೇಡಂ ಕುಣಿದೇಬಿಟ್ರು.

ಮಿಕ್ಸಿ ವೈರ್ ಕಿತ್ತಿದ್ದಕ್ಕೆ ನನ್ನ ಬೆನ್ನಿಗೆ ಬಾರಿಸಿದ್ದೆಯಲ್ಲ, ಇಲ್ಲಿ ಅದಕ್ಕೇ ಸಂಬಳ ಕೊಡ್ತಾರೆ ನೋಡು!

ಹಾಲ್ ಒಳಗೆ ಚಳಿ ಅಂದ್ರೆ ಚಳಿ. ನೀನು ಹೆಣೆದ ಸ್ವೆಟರ್ ಹಾಕ್ಕೊಂಡಮೇಲೆ ನೆಗಡಿ ಬಿಟ್ಟಿದೆ. ಕೆಲಸ ಖಾಯಂ ಅಂತ ಸೂಪರ್‌ವೈಸರ್ ಈಗಷ್ಟೇ ಹೇಳಿದ್ರು. "ಇವನು ಎಲ್ಲೂ ನಿಲ್ಲಲ್ಲ, ತಿಂಗಳಲ್ಲಿ ವಾಪಸ್ ಬರ್ತಾನೆ" ಅಂತ ಭಾವ ನನ್ನ ಹಾಸಿಗೆ ಸುತ್ತದೆ ಬಿಟ್ಟಿದ್ದಾರಲ್ಲ, ಸುತ್ತಿಡೋಕೆ ಹೇಳು. ಒಳಗಿಂದ ಕೂಗ್ತಿದ್ದಾರೆ, ಇನ್ನೊಂದು ವೈರ್ ಕೀಳಬೇಕಂತೆ!

ನಿನ್ನ ತಮ್ಮ