ತಾಮ್ರದ ಚೂರು ಹಾರದಿರಲಿ

ರೀ,

ಎದ್ದ ತಕ್ಷಣ ಫ್ಯಾನ್ ಹಾಕಬೇಡಿ. ಸೆಕೆಯಾದರೆ ಹಿಂದಿನ ಕೋಣೆಯಲ್ಲಿ ಕೂತು ಚಹಾ ಕುಡಿಯಿರಿ, ಫ್ಲಾಸ್ಕಿನಲ್ಲಿದೆ. ಮೊದಲು ಮಾತ್ರೆ.

ನಿಮ್ಮ ಆಂಪ್ಲಿಫೈಯರ್ ಊಟದ ಮೇಜಿನ ಮೇಲೆ ಮುಚ್ಚಳ ತೆಗೆದುಕೊಂಡು ಕೂತಿದೆ. ಬೈಯಬೇಡಿ. ಮೊಬೈಲ್ ಟವರಿನವರು ಕಳಚಿ ಮಾರಿದ ಆ ಡಬ್ಬವನ್ನು ನಿಮ್ಮ ಹವ್ಯಾಸಿ ರೇಡಿಯೋ ಬ್ಯಾಂಡಿಗೆ ಒಗ್ಗಿಸಲು ಇಷ್ಟು ದಿನ ಒದ್ದಾಡಿ, ಕೈ ನಡುಗಿತು ಅಂತ ನಿನ್ನೆ "ಗುಜರಿಗೆ ಹಾಕು ಇದನ್ನ" ಎಂದು ಸ್ಕ್ರೂ ಬಿಗಿದುಬಿಟ್ಟಿರಲ್ಲ, ನನಗೆ ಮನಸ್ಸು ತಡೆಯಲಿಲ್ಲ. ಬೆಳಿಗ್ಗೆ ನಾನೇ ಬಿಚ್ಚಿದೆ.

ನೀವು ಮಾಡುವ ಹಾಗೆಯೇ, ಒಂದು ಚೂರು ತಾಮ್ರದ ಹಾಳೆಯನ್ನು ಹಲ್ಲುಕಡ್ಡಿಯಿಂದ ಬೋರ್ಡಿನ ಪಟ್ಟಿಯ ಮೇಲೆ ಮೆಲ್ಲಗೆ ಸರಿಸುತ್ತಾ, ಎಷ್ಟು ಪವರ್ ಹೊರಡುತ್ತದೆಂದು ಮೀಟರ್ ನೋಡಿದೆ. ದಿನವಿಡೀ ಗುಂಡಿ ಹೊಲಿಯುವ ಕೈ ನನ್ನದು, ಇಷ್ಟೂ ಬರದೇ ಇರುತ್ತಾ? ಪಟ್ಟಿಯ ತುದಿಗೆ ಬಂದದ್ದೇ ಮುಳ್ಳು ಸರ್ರನೆ ಏರಿತು ನೋಡಿ, ಒಬ್ಬಳೇ ಕೂಗಿಕೊಂಡೆ! ನೀವು ಮಗ್ಗುಲು ಬದಲಿಸಿದಿರಿ ಅಷ್ಟೇ.

ಚೂರು ಅಲ್ಲೇ ಇದೆ, ಅಂಟಿಸಿಲ್ಲ, ಬರೀ ಇಟ್ಟಿದ್ದೇನೆ. ಸೀನು ಬಂದರೆ ಮುಖ ಆಚೆ ತಿರುಗಿಸಿ. ಸ್ವಿಚ್ ಆರಿಸಿದ್ದೇನೆ.

ಬೆಸುಗೆ ನೀವೇ ಹಾಕಬೇಕು, ಆದರೆ ನಾನು ಬರುವವರೆಗೆ ಕಾಯಿರಿ. ಹೊಲಿಗೆ ಅಂಗಡಿ ಬೇಗ ಮುಚ್ಚಿ ಬಂದು ನಿಮ್ಮ ಮಣಿಕಟ್ಟು ಹಿಡಿಯುತ್ತೇನೆ. ಸಂಜೆ ಬೆಟ್ಟದಾಚೆಯ ನಿಮ್ಮ ಗೆಳೆಯರನ್ನು ರೇಡಿಯೋದಲ್ಲಿ ಕರೆದು ನೋಡೋಣ. ಪಾಪ, ಅವರೂ ಕಾಯುತ್ತಿದ್ದಾರೆ.

ಇನ್ನೊಂದು ಮಾತು. ಮುಚ್ಚಳ ಹಾಕಿದರೆ ಮುಳ್ಳು ಇಳಿಯುತ್ತದೆ, ತೆಗೆದರೆ ಏರುತ್ತದೆ. ಥೇಟ್ ನಿಮ್ಮ ಹಾಗೆ. ನೀವು ಬಿಗಿದ ಸ್ಕ್ರೂಗಳೆಲ್ಲ ನನ್ನ ಚೀಲದಲ್ಲಿವೆ. ಹುಡುಕಬೇಡಿ, ಕೇಳಿದರೂ ಕೊಡಲ್ಲ.