ಆಲ್ಕೊಳದ ತರಗತಿಯ ಮುಚ್ಚಿಸಿದ ಕಿಟಕಿ

ಮಹಿಳಾ ಇಂಗ್ಲಿಷ್ ತರಗತಿಯ ಮೇಲ್ವಿಚಾರಕರಿಗೆ,

ಮಾನ್ಯರೇ, ಆಲ್ಕೊಳದ ನಿಮ್ಮ ತರಗತಿಯ ರಸ್ತೆ ಬದಿಯ ಕಿಟಕಿಯನ್ನು ಕಳೆದ ವಾರ ಮುಚ್ಚಿಸಿದ್ದೀರಿ. ‘ಹೊರಗೆ ನಿಂತ ಗಂಡಸರಿಂದ ಪಾಠಕ್ಕೆ ಅಡ್ಡಿ’ ಎಂದು ಕಾರಣ ಕೊಟ್ಟಿದ್ದೀರಂತೆ. ಬಹುವಚನ ಏಕೆ? ಅಲ್ಲಿ ನಿಲ್ಲುತ್ತಿದ್ದವನು ನಾನೊಬ್ಬನೇ. ಕೆಮ್ಮು ಬಂದರೂ ನುಂಗಿಕೊಂಡು ನಿಲ್ಲುತ್ತಿದ್ದೆ. ಇಷ್ಟು ಶಿಸ್ತಿನ ವಿದ್ಯಾರ್ಥಿಗಳು ಒಳಗಾದರೂ ಇದ್ದಾರೆಯೇ?

ನನ್ನ ಹೆಂಡತಿ ಬಸವರಾಜೇಶ್ವರಿಯನ್ನು ಜನ್ನಾಪುರದಿಂದ ಬಸ್ಸಿನಲ್ಲಿ ಕರೆತರುವುದು, ಮುಗಿದ ಮೇಲೆ ಕರೆದೊಯ್ಯುವುದು ನಿವೃತ್ತ ಫಿಟ್ಟರ್ ಆದ ನನ್ನ ಈಗಿನ ಉದ್ಯೋಗ. ಮೊದಲೆಲ್ಲ ನಮ್ಮ ಮನೆಯಲ್ಲಿ ಇಂಗ್ಲಿಷ್ ನನ್ನ ಖಾತೆಯಾಗಿತ್ತು. ಕಾರ್ಖಾನೆಯ ಬೋರ್ಡು, ಹಳೆಯ ಪೇಪರು ಓದಿ ಓದಿ ನಾನೇ ಕಲಿತದ್ದು. ಸಂಜೆ ಕಾಫಿಯ ಹೊತ್ತಿಗೆ ಅವಳು ಒಂದು ಪದ ಕೇಳುವಳು, ನಾನು ಅರ್ಥ ಹೇಳುವೆನು.

ಈಗ ನೋಡಿ. ಕುಂಸಿಯಲ್ಲಿ ನೆಂಟರ ಮಗುವಿನ ನಾಮಕರಣ. ಹೈದರಾಬಾದಿನಿಂದ ಬಂದಿದ್ದ ಅತಿಥಿಯೊಬ್ಬರ ಕನ್ನಡಕ ಕಾಣೆಯಾಯಿತು. ಹುಡುಕಿಕೊಡುತ್ತೇನೆ ಎನ್ನಲು ಹೋಗಿ ನಾನು ‘ಐ ವಿಲ್ ಲುಕ್ ಆಫ್ಟರ್ ಯುವರ್ ಗ್ಲಾಸಸ್’ ಎಂದೆ. ಅದು ನನ್ನ ಬಳಿಯೇ ಜೋಪಾನವಾಗಿದೆ ಎಂದುಕೊಂಡು ಅವರು ನೆಮ್ಮದಿಯಾಗಿ ಊಟಕ್ಕೆ ಕುಳಿತರು. ಹೋಳಿಗೆ ಮುಗಿಸಿ ಬಂದು ನನ್ನ ಮುಂದೆ ಕೈ ಚಾಚಿದರು.

“ರೀ, ಲುಕ್ ಆಫ್ಟರ್ ಅಂದ್ರೆ ನೋಡ್ಕೊಳ್ಳೋದು. ಹುಡುಕೋದಕ್ಕೆ ಲುಕ್ ಫಾರ್ ಅನ್ಬೇಕು” ಎಂದಳು ನನ್ನ ಹೆಂಡತಿ.

“ಎರಡರಲ್ಲೂ ನೋಡೋದೇ ತಾನೆ, ಮಾರಾಯ್ತಿ?”

“ಮಗೂನ ನೋಡ್ಕೊಳ್ಳಿ ಅಂತ ಕೈಗೆ ಕೊಟ್ರೆ, ಎಲ್ಲಿದೆ ಅಂತ ಹುಡುಕ್ತಾ ಹೋಗ್ತೀರಾ?”

ಚಪ್ಪರವೆಲ್ಲ ನಕ್ಕಿತು. ಅತಿಥಿಗಳು ಅವಳನ್ನು ‘ಮೇಡಂ’ ಎಂದರು. ಇಂಗ್ಲಿಷಿಗಾಗಿ ನನ್ನನ್ನು ಇದುವರೆಗೆ ಯಾರೂ ‘ಸರ್’ ಎಂದಿಲ್ಲ. ಹೊಟ್ಟೆ ಉರಿಯಿತು, ಬಹಿರಂಗ ಪತ್ರವಾದ್ದರಿಂದ ಬಹಿರಂಗವಾಗಿಯೇ ಹೇಳುತ್ತಿದ್ದೇನೆ.

ಅಂದಿನಿಂದ ಕಿಟಕಿಯ ಪಕ್ಕ ನಿಲ್ಲತೊಡಗಿದೆ. ‘ಗಿವ್ ಅಪ್’, ‘ಗಿವ್ ಇನ್’ ಪಾಠದ ದಿನ ಶಿಕ್ಷಕಿ ಮೊದಲನೆಯದಕ್ಕೆ ಬಿಗಿಯಾದ ಡಬ್ಬಿಯ ಮುಚ್ಚಳದೊಡನೆ ಗುದ್ದಾಡಿ ಕೈಬಿಟ್ಟರು. ಎರಡನೆಯದಕ್ಕೆ ಏನು ಮಾಡಿದರೋ, ಅಷ್ಟರಲ್ಲಿ ನಿಮ್ಮ ಜವಾನ ಕಿಟಕಿ ಎಳೆದು ಮುಚ್ಚಿದ. ಒಳಗೆ ನಗು ಮಾತ್ರ ಕೇಳಿಸಿತು. ಮನೆಯಲ್ಲಿ ಕೇಳಿದರೆ, “ಕ್ಲಾಸಿಗೆ ಬಂದವರಿಗೆ ಮಾತ್ರ ಹೇಳ್ತೀವಿ” ಎಂದಳು. ಬಸ್ಸಿನಲ್ಲಿ ಅವಳೂ ಅದೇ ತರಗತಿಗೆ ಬರುವ ಪಕ್ಕದ ಮನೆಯ ಸೌಂದರ್ಯಳೂ ಅದನ್ನೇ ನೆನೆದು ನಗುತ್ತಾರೆ. ನಾನು ಹಿಂದಿನ ಸೀಟಿನಲ್ಲಿ ಚೀಲ ಹಿಡಿದು ಕೂರುತ್ತೇನೆ. ಕಾಫಿಯ ಹೊತ್ತಿಗೆ ಅವಳೀಗ ನನ್ನನ್ನು ಏನೂ ಕೇಳುವುದಿಲ್ಲ. ಇದಕ್ಕೆ ಯಾರು ಹೊಣೆ?

ಮಹಿಳೆಯರ ತರಗತಿ ಮಹಿಳೆಯರಿಗೇ ಇರಲಿ. ಶನಿವಾರವೊಂದು ದಿನ ಗಂಡ ಹೆಂಡತಿ ಇಬ್ಬರಿಗೂ ಪಾಠವಿಡಬೇಕೆಂಬುದು ನನ್ನ ಹಕ್ಕೊತ್ತಾಯ. ನನ್ನನ್ನು ಅವಳ ಹಿಂದಿನ ಬೆಂಚಿನಲ್ಲಿ ಕೂರಿಸಿ. ತಿಳಿಯದ್ದನ್ನು ಮೆಲ್ಲಗೆ ಅವಳನ್ನೇ ಕೇಳಿಕೊಳ್ಳುತ್ತೇನೆ. ಕೇಳುವ ಸರದಿ ಈಗ ನನ್ನದು.

ಇಂತಿ,
ಬಸವರಾಜೇಶ್ವರಿ ಮೇಡಂ ಅವರ ಯಜಮಾನ,
ನಿವೃತ್ತ ಫಿಟ್ಟರ್, ನಿವೃತ್ತ ಇಂಗ್ಲಿಷ್ ಪಂಡಿತ
ಕೊಟ್ರಬಸಪ್ಪ
ಜನ್ನಾಪುರ, ಭದ್ರಾವತಿ, ೧೯೯೮